ಡಿಎನ್ಎ, ಅಮೈನೊ ಆಮ್ಲ, ಪ್ರೋಟೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರಶ್ನೆ ಕೇಳುವವರು ಬರೀ ಮಕ್ಕಳಲ್ಲ. ಅವರ ಅಪ್ಪ-ಅಮ್ಮ, ದಾಳಿಂಬೆ ಬೆಳೆಗಾರರು, ಜಿಮ್‌ಗೆ ಹೋಗುವ ಹುಡುಗರು, ಎಲ್ಲರೂ ಕೇಳುತ್ತಾರೆ. ಜಾಸ್ತಿ ಸಲ ಬಂದವನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ಪರೀಕ್ಷೆಗೆ ಓದುವವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## ಶುರುವಿನವು

ಪ್ರೋಟೀನ್ ಅಂದ್ರೆ ಬೇಳೆ, ಮೊಟ್ಟೆ ಅಲ್ವಾ ಸರ್? ಅದಕ್ಕೂ ಡಿಎನ್ಎಗೂ ಏನ್ ಸಂಬಂಧ?

ಬೇಳೆ, ಮೊಟ್ಟೆಯಲ್ಲಿ ಇರುವುದೂ ಪ್ರೋಟೀನೇ. ನಿಮ್ಮ ಕೂದಲು, ಉಗುರು, ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್, ಊಟ ಅರಗಿಸುವ ಕಿಣ್ವಗಳು, ಇನ್ಸುಲಿನ್, ಇವೂ ಪ್ರೋಟೀನೇ. ಎಲ್ಲವೂ ಅಮೈನೊ ಆಮ್ಲಗಳನ್ನು ಒಂದರ ಹಿಂದೊಂದು ಜೋಡಿಸಿದ ಸರಪಳಿಗಳು. ಬಳಕೆಯಲ್ಲಿರುವುದು 20 ಬಗೆಯ ಅಮೈನೊ ಆಮ್ಲ ಮಾತ್ರ. ಇನ್ಸುಲಿನ್‌ನಲ್ಲಿ ಅಂಥವು 51 ಇವೆ. ಸ್ನಾಯುವಿನ ಟೈಟಿನ್ ಎಂಬ ಪ್ರೋಟೀನ್‌ನಲ್ಲಿ ಸುಮಾರು 34,000.

ಯಾವುದರ ಹಿಂದೆ ಯಾವುದು ಬರಬೇಕು ಎನ್ನುವ ಕ್ರಮ ಡಿಎನ್ಎಯಲ್ಲಿದೆ. ಅಮೈನೊ ಆಮ್ಲ ಮಾತ್ರ ಡಿಎನ್ಎಯಲ್ಲಿ ಒಂದೂ ಇಲ್ಲ. ಸಾಮಾನು ತಟ್ಟೆಯಿಂದ ಬರುತ್ತದೆ, ಕ್ರಮ ಡಿಎನ್ಎಯಿಂದ ಬರುತ್ತದೆ. ಇವೆರಡನ್ನು ಬೆರೆಸಿಕೊಂಡರೆ ಮುಂದಿನದೆಲ್ಲ ಗೊಂದಲವಾಗುತ್ತದೆ, ಅದಕ್ಕೇ ಈ ಮಾತು ಮೊದಲೇ ಹೇಳಿದೆ.

ಬ್ಯಾಳಿ ತಿಂದ್ರ ಅದರ ಪ್ರೋಟೀನ್ ಹಂಗೇ ಮೈಗೆ ಹತ್ತತದೇನ್ರೀ?

ಇಲ್ಲ. ಹೊಟ್ಟೆಯಲ್ಲಿ ಪೆಪ್ಸಿನ್, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮುಂತಾದ ಕಿಣ್ವಗಳು ಆ ಸರಪಳಿಯನ್ನು ತುಂಡು ತುಂಡು ಮಾಡುತ್ತವೆ. ರಕ್ತಕ್ಕೆ ಸೇರುವುದು ಬಹುತೇಕ ಬಿಡಿ ಅಮೈನೊ ಆಮ್ಲಗಳು. ತೊಗರಿಯಿಂದ ಬಂದ ಲೈಸಿನ್‌ಗೂ ಮೊಟ್ಟೆಯಿಂದ ಬಂದ ಲೈಸಿನ್‌ಗೂ ಆಮೇಲೆ ವ್ಯತ್ಯಾಸವೇ ಇಲ್ಲ. ಜೀವಕೋಶ ಅವನ್ನು ತೆಗೆದುಕೊಂಡು ತನ್ನ ಡಿಎನ್ಎ ಹೇಳಿದ ಕ್ರಮದಲ್ಲಿ ಹೊಸದಾಗಿ ಜೋಡಿಸುತ್ತದೆ. ಹಾಗಾಗಿಯೇ ಎಷ್ಟು ತೊಗರಿ ತಿಂದರೂ ನಮ್ಮ ಮೈಯಲ್ಲಿ ಆಗುವುದು ಮನುಷ್ಯನ ಪ್ರೋಟೀನೇ.

ಡಿಎನ್ಎ ಕಣ್ಣಿಗೆ ಕಾಣಸ್ತದ?

ಒಂದು ಎಳೆ ಕಾಣುವುದಿಲ್ಲ, ಗುಂಪಾಗಿದ್ದರೆ ಕಾಣುತ್ತದೆ. ಅರ್ಧ ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ ಜಜ್ಜಿ. ಅರ್ಧ ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಸ್ವಲ್ಪ ಉಪ್ಪು ಹಾಕಿ ಅದರಲ್ಲಿ ಬೆರೆಸಿ. ಲೋಟವನ್ನು ಬಿಸಿನೀರಿನ ಪಾತ್ರೆಯೊಳಗೆ ಹತ್ತು-ಹದಿನೈದು ನಿಮಿಷ ಇಟ್ಟು, ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಸೋಸಿದ ನೀರಿನ ಮೇಲೆ ಫ್ರಿಜ್‌ನಲ್ಲಿಟ್ಟ ಸರ್ಜಿಕಲ್ ಸ್ಪಿರಿಟ್ ಅನ್ನು ಲೋಟದ ಗೋಡೆಗುಂಟ ನಿಧಾನ ಸುರಿಯಿರಿ. ಎರಡು ಪದರ ಸೇರುವಲ್ಲಿ ಬಿಳಿ ನೂಲು ಏಳುತ್ತವೆ. ಕಡ್ಡಿಯಿಂದ ಸುತ್ತಿ ತೆಗೆಯಬಹುದು.

ಲಿಕ್ವಿಡ್ ಯಾಕೆ ಅಂದರೆ ಜೀವಕೋಶದ ಪೊರೆ ಕೊಬ್ಬಿನದು, ಅದು ಸೋಪಿಗೆ ಕರಗುತ್ತದೆ. ಸ್ಪಿರಿಟ್‌ನಲ್ಲಿ ಡಿಎನ್ಎ ಕರಗುವುದಿಲ್ಲ, ಹಾಗಾಗಿ ಹೊರಗೆ ಬೀಳುತ್ತದೆ. ಸಿಕ್ಕಿದ್ದು ಶುದ್ಧ ಡಿಎನ್ಎ ಅಲ್ಲ, ಜೊತೆಗೆ ಆರ್‌ಎನ್ಎ (ಡಿಎನ್ಎಯನ್ನೇ ಹೋಲುವ ಇನ್ನೊಂದು ಅಣು), ಪೆಕ್ಟಿನ್ ಎಲ್ಲ ಇರುತ್ತವೆ. ಆದರೂ ಮಕ್ಕಳು ಒಮ್ಮೆ ನೋಡಲೇಬೇಕು. ಚಿತ್ರ ಬಿಡಿಸುವುದೊಂದೇ ಪಾಠವಾದರೆ ಸಾಲದು.

ಚಪಾತಿ ಹಿಟ್ಟಿನಂಗ ಜೋಳದ ಹಿಟ್ಟು ಯಾಕ ಹಿಗ್ಗಂಗಿಲ್ಲ?

ಒಬ್ಬ ವಿದ್ಯಾರ್ಥಿನಿಯ ತಾಯಿ ಕೇಳಿದ ಪ್ರಶ್ನೆ. ಈ ಪುಟದಲ್ಲೇ ನನಗೆ ಇದು ಬಹಳ ಇಷ್ಟ.

ಗೋಧಿಯಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಪ್ರೋಟೀನ್‌ಗಳಿವೆ. ನೀರು ಹಾಕಿ ನಾದಿದಾಗ ಇವು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ಗ್ಲುಟೆನಿನ್‌ನ ಸರಪಳಿಗಳಲ್ಲಿ ಅಲ್ಲಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲವಿದೆ, ಅದರಲ್ಲಿ ಗಂಧಕವಿದೆ. ಒಂದು ಸರಪಳಿಯ ಗಂಧಕ ಇನ್ನೊಂದರ ಗಂಧಕವನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಚಪಾತಿ ಹಿಟ್ಟು ಎಳೆದರೆ ಹಿಗ್ಗುತ್ತದೆ.

ಜೋಳದ ಮುಖ್ಯ ಪ್ರೋಟೀನ್ ಕಾಫಿರಿನ್. ಅದರ ಅಮೈನೊ ಆಮ್ಲಗಳ ಕ್ರಮವೇ ಬೇರೆ. ಅದು ನೀರಿಗೆ ಬೆರೆಯುವುದಿಲ್ಲ, ಕಾಳಿನೊಳಗೆ ಸಣ್ಣ ಸಣ್ಣ ಉಂಡೆಗಳಾಗಿ ಕೂತಿರುತ್ತದೆ, ಬಲೆ ಹೆಣೆಯುವುದಿಲ್ಲ. ಹಾಗಾಗಿ ತಣ್ಣೀರಲ್ಲಿ ಕಲಸಿದರೆ ಹಿಟ್ಟಿಗೆ ಜಿಗಿ ಬರುವುದಿಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ. ಕುದಿಯುವ ಎಸರು ಹಾಕಿದರೆ ಪಿಷ್ಟ ಬೆಂದು ಅಂಟಾಗುತ್ತದೆ, ಪ್ರೋಟೀನ್ ಮಾಡದ ಕೆಲಸವನ್ನು ಪಿಷ್ಟ ಮಾಡುತ್ತದೆ. ಲಟ್ಟಣಿಗೆ ಬಿಟ್ಟು ಕೈಯಿಂದ ತಟ್ಟುವುದಕ್ಕೂ ಇದೇ ಕಾರಣ. ಎರಡು ಗಿಡದ ಡಿಎನ್ಎಯಲ್ಲಿರುವ ವ್ಯತ್ಯಾಸ ಅಡುಗೆಮನೆಯಲ್ಲಿ ಕೈಗೆ ಸಿಗುತ್ತದೆ.

## ಊಟದ ಪ್ರಶ್ನೆಗಳು

ಒಂಬತ್ತು ಅಮೈನೊ ಆಮ್ಲ ಊಟದಿಂದಲೇ ಬರಬೇಕಂತೆ. ನಮ್ಮ ರೊಟ್ಟಿ-ಪಲ್ಯದಲ್ಲಿ ಎಲ್ಲಾ ಸಿಗುತ್ತಾ?

ಸಿಗುತ್ತವೆ, ಆದರೆ ಪಲ್ಯ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. 20ರಲ್ಲಿ 9 ಅಮೈನೊ ಆಮ್ಲಗಳನ್ನು ನಮ್ಮ ಮೈ ತಯಾರಿಸಲಾರದು. ಅವುಗಳಲ್ಲಿ ಲೈಸಿನ್ ಜೋಳದಲ್ಲಿ ತೀರಾ ಕಡಿಮೆ. ಸಾಲದ್ದಕ್ಕೆ ಬೇಯಿಸಿದಾಗ ಕಾಫಿರಿನ್ ಇನ್ನೂ ಬಿಗಿಯಾಗಿ, ಅರಗುವುದೂ ಕಡಿಮೆಯಾಗುತ್ತದೆ. ಹೆಸರುಕಾಳು, ಮಡಿಕೆಕಾಳು, ಕಡಲೆ, ತೊಗರಿಯಲ್ಲಿ ಲೈಸಿನ್ ಚೆನ್ನಾಗಿದೆ, ಮಿಥಿಯೋನಿನ್ ಕಡಿಮೆ. ರೊಟ್ಟಿ ಆ ಮಿಥಿಯೋನಿನ್ ಕೊಡುತ್ತದೆ. ಹಾಗಾಗಿ ರೊಟ್ಟಿಗೆ ಕಾಳುಪಲ್ಯ ಅಥವಾ ಝುಣಕ ಸರಿಯಾದ ಜೋಡಿ.

ಶೇಂಗಾ ಚಟ್ನಿಯೊಂದನ್ನೇ ನಂಬಬೇಡಿ. ಶೇಂಗಾದಲ್ಲಿ ಪ್ರೋಟೀನ್ ಜಾಸ್ತಿ ಇದ್ದರೂ ಲೈಸಿನ್ ಅಲ್ಲಿಯೂ ಕಡಿಮೆ. ಗಟ್ಟಿ ಮೊಸರು ಜೊತೆಗಿದ್ದರೆ ಆ ಕೊರತೆ ತುಂಬುತ್ತದೆ.

ಹೆಚ್ಚು ಲೈಸಿನ್ ಇರುವ ಜೋಳವೂ ಇದೆ. 1973ರಲ್ಲಿ ಇಥಿಯೋಪಿಯಾದ ತಳಿಗಳಲ್ಲಿ ಅದನ್ನು ಗುರುತಿಸಿದರು. ಆದರೆ ಕಾಳು ಸೊರಗಿರುತ್ತಿತ್ತು. ಕಾಳು ತುಂಬದ ಜೋಳವನ್ನು ಯಾವ ರೈತ ಬಿತ್ತುತ್ತಾನೆ?

ಒಂದು ಅಮೈನೊ ಆಮ್ಲ ಕಡಿಮೆ ಬಿದ್ದರೆ ಉಳಿದದ್ದು ಸೇರಿಸಿ ಮಾಡಿಕೊಳ್ಳಲ್ವಾ?

ಮಾಡಿಕೊಳ್ಳುವುದಿಲ್ಲ. ಸರಪಳಿ ಜೋಡಿಸುವಾಗ ಲೈಸಿನ್ ಬೇಕಾದ ಜಾಗಕ್ಕೆ ಬಂದು, ಲೈಸಿನ್ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಬೇರೆಯದನ್ನು ತುರುಕುವುದಿಲ್ಲ. ಅಮೈನೊ ಆಮ್ಲ ಹೊತ್ತು ತರುವ ಟಿ-ಆರ್‌ಎನ್ಎ ಎಂಬ ಅಣುಗಳು ಖಾಲಿ ಉಳಿದದ್ದು ಜೀವಕೋಶಕ್ಕೆ ಗೊತ್ತಾಗಿ, ಅದು ಪ್ರೋಟೀನ್ ತಯಾರಿಕೆಯನ್ನೇ ಕಡಿಮೆ ಮಾಡುತ್ತದೆ. ಕೊರತೆ ಮುಂದುವರಿದರೆ ಸ್ನಾಯುವಿನ ಪ್ರೋಟೀನ್ ಒಡೆದು ಅಲ್ಲಿಂದ ತೆಗೆದುಕೊಳ್ಳುತ್ತದೆ.

ಪ್ರೋಟೀನ್ ಪೌಡರ್ ತಗೋಬೇಕಾ ಸರ್?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಮಾಡಿದ ಶಿಫಾರಸು ದೊಡ್ಡವರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ. 60 ಕಿಲೋ ಇದ್ದರೆ ಸುಮಾರು 50 ಗ್ರಾಂ. ಕಸರತ್ತು ಮಾಡುವವರಿಗೆ ಇನ್ನೂ ಬೇಕು, ಆದರೆ ಕಾಳು, ಹಾಲು, ಮೊಟ್ಟೆಯಲ್ಲಿ ಅದನ್ನು ತುಂಬಿಕೊಳ್ಳಬಹುದು. ಪೌಡರ್ ಅಂದರೆ ಬಹುತೇಕ ಹಾಲಿನ ಪ್ರೋಟೀನೇ. ಅದೂ ಹೊಟ್ಟೆಯಲ್ಲಿ ಬಿಡಿ ಅಮೈನೊ ಆಮ್ಲ ಆಗಲೇಬೇಕು. ಸುಮ್ನೆ ಕುಡಿದು ಕೂತರೆ ಸ್ನಾಯು ಬೆಳೆಯುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

## ಪಾಠದ ಪ್ರಶ್ನೆಗಳು

ಡಿಎನ್ಎಯಿಂದ ಪ್ರೋಟೀನ್ ಆಗೋದನ್ನ ಒಂದೇ ಸಲಕ್ಕೆ ಹೇಳ್ರೀ ಸರ್, ನಾಳೆ ಟೆಸ್ಟ್ ಇದೆ.

ಡಿಎನ್ಎಯಲ್ಲಿ ನಾಲ್ಕು ಅಕ್ಷರ: ಎ, ಟಿ, ಜಿ, ಸಿ. ಎರಡು ಎಳೆಗಳಲ್ಲಿ ಎ ಎದುರು ಟಿ, ಜಿ ಎದುರು ಸಿ. ಒಂದು ಪ್ರೋಟೀನ್ ಬೇಕಾದಾಗ ಅದರ ಕ್ರಮವಿರುವ ಡಿಎನ್ಎ ಭಾಗದಲ್ಲಿ, ಅಂದರೆ ಅದರ ಜೀನ್‌ನಲ್ಲಿ, ಎಳೆಗಳು ಬಿಚ್ಚಿಕೊಳ್ಳುತ್ತವೆ. ಆರ್‌ಎನ್ಎ ಪಾಲಿಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ನೋಡಿಕೊಂಡು ಆರ್‌ಎನ್ಎ ಪ್ರತಿ ತೆಗೆಯುತ್ತದೆ. ಅದರಲ್ಲಿ ಟಿ ಬದಲು ಯು. ಇದು ಟ್ರಾನ್ಸ್‌ಕ್ರಿಪ್ಷನ್.

ನಮ್ಮಂಥ ಜೀವಿಗಳಲ್ಲಿ ಆ ಪ್ರತಿಯ ನಡುವಿನ ಬೇಡದ ತುಂಡುಗಳನ್ನು (ಇಂಟ್ರಾನ್) ಕತ್ತರಿಸಿ ಉಳಿದ ತುಂಡುಗಳನ್ನು (ಎಕ್ಸಾನ್) ಜೋಡಿಸುತ್ತಾರೆ. 'ತ್ತಾರೆ' ಎಂದೆ, ಮಾಡುವುದು ಕಿಣ್ವ-ಆರ್‌ಎನ್ಎಗಳ ಗುಂಪು. ತಯಾರಾದ ಎಂ-ಆರ್‌ಎನ್ಎ ಕೋಶಕೇಂದ್ರದಿಂದ ಹೊರಗೆ ಬರುತ್ತದೆ. ಪ್ರೋಟೀನ್ ಜೋಡಿಸುವ ಯಂತ್ರದಂಥ ರೈಬೋಸೋಮ್ ಅದನ್ನು ಹಿಡಿದು ಎಯುಜಿ ಸಿಗುವ ಕಡೆಯಿಂದ ಮೂರು ಮೂರು ಅಕ್ಷರ ಓದುತ್ತದೆ. ಪ್ರತಿ ಮೂರಕ್ಕೆ, ಅಂದರೆ ಪ್ರತಿ ಕೋಡಾನ್‌ಗೆ, ತಕ್ಕ ಟಿ-ಆರ್‌ಎನ್ಎ ಒಂದು ಅಮೈನೊ ಆಮ್ಲ ಹೊತ್ತು ತರುತ್ತದೆ. ರೈಬೋಸೋಮ್ ಅದನ್ನು ಹಿಂದಿನದಕ್ಕೆ ಪೆಪ್ಟೈಡ್ ಬಂಧದಿಂದ ಸೇರಿಸುತ್ತದೆ. ಯುಎಎ, ಯುಎಜಿ ಅಥವಾ ಯುಜಿಎ ಬಂದರೆ ಮುಗಿಯಿತು, ಸರಪಳಿ ಬಿಡುಗಡೆ. ಇದು ಟ್ರಾನ್ಸ್‌ಲೇಷನ್.

ವೇಗ ಕೇಳುತ್ತೀರಾ? ನಮ್ಮ ಜೀವಕೋಶದಲ್ಲಿ ಸೆಕೆಂಡಿಗೆ ಸುಮಾರು ಐದು ಅಮೈನೊ ಆಮ್ಲ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಇವೆ, ಅರ್ಧ ನಿಮಿಷದ ಕೆಲಸ. ಬ್ಯಾಕ್ಟೀರಿಯಾ ಇದಕ್ಕಿಂತ ಮೂರು-ನಾಲ್ಕು ಪಟ್ಟು ಚುರುಕು.

ಮೂರು ಅಕ್ಷರವೇ ಯಾಕೆ? ಎರಡು ಸಾಕಿತ್ತಲ್ಲ?

ಲೆಕ್ಕ ಹಾಕಿ. ನಾಲ್ಕು ಅಕ್ಷರದಲ್ಲಿ ಎರಡೆರಡು ಜೋಡಿಸಿದರೆ 16 ಆಗುತ್ತವೆ, ಅಮೈನೊ ಆಮ್ಲ 20. ಸಾಲುವುದಿಲ್ಲ. ಮೂರು ಮೂರಾದರೆ 64. ಅದರಲ್ಲಿ 61 ಅಮೈನೊ ಆಮ್ಲಕ್ಕೆ, 3 ನಿಲ್ಲಿಸುವುದಕ್ಕೆ. ಲ್ಯೂಸಿನ್, ಸೆರಿನ್, ಆರ್ಜಿನಿನ್‌ಗೆ ಆರಾರು ಕೋಡಾನ್, ಮಿಥಿಯೋನಿನ್ ಮತ್ತು ಟ್ರಿಪ್ಟೊಫಾನ್‌ಗೆ ಒಂದೊಂದೇ.

ಲೆಕ್ಕ ಸರಿ, ಸಾಕ್ಷಿ? 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಎಂಬ ವಿಜ್ಞಾನಿಗಳು ಪ್ರನಾಳದಲ್ಲಿ ಬರೀ ಯು ಇರುವ ಆರ್‌ಎನ್ಎ ಹಾಕಿದಾಗ ಬರೀ ಫಿನೈಲಾಲನಿನ್‌ನ ಸರಪಳಿ ಬಂತು. ಆಮೇಲೆ ಹರ್‌ಗೋಬಿಂದ್ ಖುರಾನಾ ಯುಸಿಯುಸಿಯುಸಿ ಎಂದು ಎರಡಕ್ಷರ ಮರುಕಳಿಸುವ ಆರ್‌ಎನ್ಎ ತಯಾರಿಸಿದರು. ಎರಡೆರಡಾಗಿ ಓದಿದ್ದರೆ ಒಂದೇ ಅಮೈನೊ ಆಮ್ಲ ಬರಬೇಕಿತ್ತು. ಬಂದದ್ದು ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್. ಮೂರಾಗಿ ಓದಿ ನೋಡಿ: ಯುಸಿಯು, ಸಿಯುಸಿ, ಯುಸಿಯು. ಸರಿಹೋಗುತ್ತದೆ. ಮುಲ್ತಾನ್ ಜಿಲ್ಲೆಯ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದ ಖುರಾನಾ, ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರ ಜೊತೆ 1968ರ ನೊಬೆಲ್ ಹಂಚಿಕೊಂಡರು.

ಎರಡು ಎಳೆಯಲ್ಲಿ ಓದೋದು ಯಾವುದನ್ನ? ಇದರಲ್ಲೇ ಮಾರ್ಕ್ಸ್ ಹೋಗುತ್ತೆ.

ಪಾಲಿಮರೇಸ್ ಓದುವುದು ಟೆಂಪ್ಲೇಟ್ ಎಳೆಯನ್ನು. ಅಲ್ಲಿ ಟಿಎಸಿ ಇದ್ದರೆ ಆರ್‌ಎನ್ಎಯಲ್ಲಿ ಎಯುಜಿ. ಇನ್ನೊಂದು ಎಳೆ, ಕೋಡಿಂಗ್ ಎಳೆಯಲ್ಲಿ ಎಟಿಜಿ ಇರುತ್ತದೆ. ಟಿ ಇದ್ದಲ್ಲಿ ಯು ಹಾಕಿದರೆ ಆರ್‌ಎನ್ಎ ಸಿಕ್ಕಿತು. ಪ್ರಶ್ನೆಯಲ್ಲಿ ಯಾವ ಎಳೆ ಕೊಟ್ಟಿದ್ದಾರೆ ಎಂದು ಮೊದಲು ನೋಡಿ.

ಬಂದ ಅಮೈನೊ ಆಮ್ಲ ಸರಿ ಇದೆಯಾ ಅಂತ ರೈಬೋಸೋಮ್‌ಗೆ ಹೇಗೆ ಗೊತ್ತಾಗುತ್ತೆ?

ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ! ರೈಬೋಸೋಮ್ ನೋಡುವುದು ಕೋಡಾನ್‌ಗೂ ಟಿ-ಆರ್‌ಎನ್ಎಯಲ್ಲಿ ಅದಕ್ಕೆ ಎದುರಾಗುವ ಮೂರು ಅಕ್ಷರಕ್ಕೂ, ಅಂದರೆ ಆಂಟಿಕೋಡಾನ್‌ಗೂ, ಜೋಡಿ ಆಗುತ್ತದಾ ಎಂದು. ಬೆನ್ನ ಮೇಲೆ ಏನಿದೆ ಎಂದು ಅದು ತಡಕುವುದಿಲ್ಲ. 1962ರಲ್ಲಿ ಇದನ್ನು ತೋರಿಸಿದ ಪ್ರಯೋಗ ಬಹಳ ಜಾಣತನದ್ದು. ಸಿಸ್ಟೀನ್ ಹೊತ್ತ ಟಿ-ಆರ್‌ಎನ್ಎ ತೆಗೆದುಕೊಂಡು, ಅದರ ಮೇಲಿರುವಾಗಲೇ ನಿಕಲ್ ಬಳಸಿ ಸಿಸ್ಟೀನ್‌ನ ಗಂಧಕ ಕಿತ್ತರು. ಸಿಸ್ಟೀನ್ ಅಲನಿನ್ ಆಯಿತು. ಸಿಸ್ಟೀನ್ ಇರಬೇಕಾದ ಜಾಗದಲ್ಲೆಲ್ಲ ಅಲನಿನ್ ಕೂತುಬಿಟ್ಟಿತು.

ಹಾಗಾದರೆ ಕಾವಲು ಯಾರದು? ಟಿ-ಆರ್‌ಎನ್ಎಗೆ ಅಮೈನೊ ಆಮ್ಲ ಕಟ್ಟುವ ಸಿಂತಟೇಸ್ ಎಂಬ ಕಿಣ್ವಗಳದ್ದು. ಸಾಮಾನ್ಯವಾಗಿ ಪ್ರತಿ ಅಮೈನೊ ಆಮ್ಲಕ್ಕೂ ಒಂದು. ಕೆಲವು ತಪ್ಪು ಕಟ್ಟಿದ್ದನ್ನು ಬಿಚ್ಚಿ ಬಿಸಾಡುತ್ತವೆ ಕೂಡ. ಪುಸ್ತಕಗಳಲ್ಲಿ ಇವಕ್ಕೆ ಒಂದೇ ಸಾಲು ಸಿಗುತ್ತದೆ. ನನ್ನ ಮಟ್ಟಿಗೆ ಅದು ಅನ್ಯಾಯ. ಯಾವ ಟಿ-ಆರ್‌ಎನ್ಎಗೆ ಯಾವ ಅಮೈನೊ ಆಮ್ಲ ಎನ್ನುವ ಗುರುತು ಇರುವುದು ಇವಕ್ಕೆ ಮಾತ್ರ.

## ತಪ್ಪಾದಾಗ

ಒಂದೇ ಅಕ್ಷರ ಬದಲಾದ್ರ ಏನಾಗತದ?

ಕೆಲವು ಸಲ ಏನೂ ಆಗುವುದಿಲ್ಲ. ಜಿಎಜಿ ಹೋಗಿ ಜಿಎಎ ಆದರೂ ಬರುವುದು ಗ್ಲುಟಾಮಿಕ್ ಆಮ್ಲವೇ. ಆದರೆ ಜಿಎಜಿ ಹೋಗಿ ಜಿಯುಜಿ ಆದರೆ ವ್ಯಾಲಿನ್ ಬರುತ್ತದೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಜಾಗದಲ್ಲಿ ಹೀಗಾದರೆ, ಅದೂ ತಾಯಿ-ತಂದೆ ಇಬ್ಬರಿಂದ ಬಂದರೆ, ಸಿಕಲ್ ಸೆಲ್ ಕಾಯಿಲೆ. ಗ್ಲುಟಾಮಿಕ್ ಆಮ್ಲ ನೀರಿಗೆ ಹೊಂದುತ್ತದೆ, ವ್ಯಾಲಿನ್ ನೀರಿನಿಂದ ದೂರ ಸರಿಯುತ್ತದೆ. ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತವೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ನನ್ ಇಂಗ್ರಾಮ್ ಈ ಒಂದೇ ವ್ಯತ್ಯಾಸವನ್ನು 1957ರಲ್ಲಿ ಗುರುತಿಸಿದಾಗ ಕೋಡಾನ್ ಪಟ್ಟಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಅಕ್ಷರ ಬದಲಾಗದೆ ಬಿಟ್ಟೇ ಹೋದ್ರೆ?

ಅದು ಇನ್ನೂ ಕೆಟ್ಟದ್ದು. 'ರಮೇಶ ಹೊಲಕೆ ನೀರನು ಬಿಡಲಿ' ಎಂದು ಮೂರು ಮೂರು ಅಕ್ಷರದ ವಾಕ್ಯ ತೆಗೆದುಕೊಳ್ಳಿ. 'ಮೇ' ಒಂದನ್ನು ತೆಗೆದು ಮತ್ತೆ ಮೂರು ಮೂರಾಗಿ ಓದಿ: 'ರಶಹೊ ಲಕೆನೀ ರನುಬಿ ಡಲಿ'. ಅಲ್ಲಿಂದಾಚೆ ಎಲ್ಲ ಕೆಟ್ಟಿತು. ಮೂರು ಅಕ್ಷರ ಒಟ್ಟಿಗೆ ಹೋಗಿದ್ದರೆ ಒಂದು ಪದ ಕಡಿಮೆಯಾಗಿ ಉಳಿದದ್ದು ಓದಲು ಬರುತ್ತಿತ್ತು.

ಮುಧೋಳದ ಹುಡುಗನೊಬ್ಬ ತಮ್ಮೂರಿನ ಬೇಟೆನಾಯಿ ಯಾಕೆ ಅಷ್ಟು ತೆಳ್ಳಗೆ ಎಂದು ಕೇಳಿದ್ದ. ಅದಕ್ಕೆ ಉತ್ತರ ಒಂದೇ ಜೀನ್‌ನಲ್ಲಿಲ್ಲ. ಆದರೆ ಅದೇ ಥರದ ಓಟದ ನಾಯಿ, ಇಂಗ್ಲೆಂಡಿನ ವಿಪೆಟ್‌ನಲ್ಲಿ ಒಂದು ಸಂಗತಿ 2007ರಲ್ಲಿ ಗೊತ್ತಾಯಿತು. ಸ್ನಾಯು ಮಿತಿ ಮೀರದಂತೆ ತಡೆಯುವ ಮಯೊಸ್ಟಾಟಿನ್ ಜೀನ್‌ನಲ್ಲಿ ಎರಡು ಅಕ್ಷರ ಬಿಟ್ಟುಹೋದರೆ, ಓದು ತಪ್ಪಿ ಬೇಗನೆ ಸ್ಟಾಪ್ ಸಿಗುತ್ತದೆ. ಇಂಥ ಒಂದು ಪ್ರತಿ ಇದ್ದ ನಾಯಿ ಜೋರಾಗಿ ಓಡುತ್ತದೆ. ಎರಡೂ ಪ್ರತಿ ಹಾಗಿದ್ದರೆ ಪೈಲ್ವಾನನ ಮೈ ಬರುತ್ತದೆ.

ಸೋದರಮಾವನ ಜೊತೆ ಮದುವೆ ಆದ್ರ ಮಕ್ಕಳಿಗೆ ತೊಂದ್ರಿ ಆಗತದ ಅಂತಾರ, ಖರೇ ಏನ್ರೀ?

ಎಲ್ಲರಿಗೂ ಆಗುವುದಿಲ್ಲ, ಸಾಧ್ಯತೆ ಹೆಚ್ಚುತ್ತದೆ. ಬಹುತೇಕ ಜೀನ್‌ಗಳ ಎರಡು ಪ್ರತಿ ನಮ್ಮಲ್ಲಿವೆ. ಒಂದು ಕೆಟ್ಟಿದ್ದರೂ ಇನ್ನೊಂದು ಸಾಕಷ್ಟು ಪ್ರೋಟೀನ್ ಮಾಡಿದರೆ ಆರೋಗ್ಯ ಸರಿಯಾಗೇ ಇರುತ್ತದೆ. ಸೋದರಮಾವ-ಸೊಸೆಯ ನಡುವೆ ಸರಾಸರಿ ಕಾಲುಭಾಗ ಜೀನ್ ಪ್ರತಿಗಳು ಒಂದೇ ಮೂಲದವು, ಅತ್ತೆ-ಮಾವನ ಮಕ್ಕಳ ನಡುವೆ ಎಂಟರಲ್ಲೊಂದು ಭಾಗ. ಅಜ್ಜ-ಅಜ್ಜಿಯಿಂದ ಬಂದ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇದ್ದರೆ ಮಗುವಿಗೆ ಎರಡೂ ಕೆಟ್ಟವೇ ಸಿಗುವ ಸಾಧ್ಯತೆ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲೊಂದು. ಮನೆತನದಲ್ಲಿ ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಕಂಡಿದ್ದರೆ ಮದುವೆಗೆ ಮೊದಲೇ ರಕ್ತಪರೀಕ್ಷೆ ಮಾಡಿಸಿ. ಜಾತಕ ನೋಡುವ ಹೊತ್ತಿನಲ್ಲಿ ಇದೂ ಆಗುತ್ತದೆ.

## ಹೊಲ, ದವಾಖಾನೆ

ದಾಳಿಂಬೆಗೆ ಹೊಡೀತಿದ್ದ ಸ್ಟ್ರೆಪ್ಟೊಸೈಕ್ಲಿನ್‌ಗೂ ಈ ಪಾಠಕ್ಕೂ ಸಂಬಂಧ ಅದ ಅಂದ್ರಲ್ಲ, ಹೆಂಗ?

ನೇರ ಸಂಬಂಧ. ಎಣ್ಣೆ ಹನಿಯಂಥ ಕಲೆ ಮೂಡಿಸಿ, ಕಾಯಿ ಸೀಳುವ ದುಂಡಾಣು ಅಂಗಮಾರಿಗೆ ಕಾರಣ ಒಂದು ಬ್ಯಾಕ್ಟೀರಿಯಾ. ಆ ಪುಡಿಯಲ್ಲಿರುವುದು ಸ್ಟ್ರೆಪ್ಟೊಮೈಸಿನ್, ಜೊತೆಗೆ ಸ್ವಲ್ಪ ಟೆಟ್ರಾಸೈಕ್ಲಿನ್. ಎರಡೂ ಹೋಗಿ ಕೂರುವುದು ಬ್ಯಾಕ್ಟೀರಿಯಾದ ರೈಬೋಸೋಮ್ ಮೇಲೆ. ಸ್ಟ್ರೆಪ್ಟೊಮೈಸಿನ್ ಕೋಡಾನ್ ಓದುವುದನ್ನು ತಪ್ಪಿಸುತ್ತದೆ. ಟೆಟ್ರಾಸೈಕ್ಲಿನ್ ಟಿ-ಆರ್‌ಎನ್ಎ ಬಂದು ಕೂರುವ ಜಾಗವನ್ನೇ ಮುಚ್ಚುತ್ತದೆ. ನಮ್ಮ ಮತ್ತು ಬ್ಯಾಕ್ಟೀರಿಯಾದ ರೈಬೋಸೋಮ್‌ಗಳ ರಚನೆ ಬೇರೆ, ಅದಕ್ಕೇ ಇಂಥವು ಮನುಷ್ಯರಿಗೂ ಔಷಧಿಯಾಗಿವೆ.

ತೊಂದರೆ ಇಲ್ಲೇ ಇದೆ. ರೈಬೋಸೋಮ್‌ನ ಒಂದು ಪ್ರೋಟೀನ್‌ನಲ್ಲಿ ಒಂದೇ ಅಮೈನೊ ಆಮ್ಲ ಬದಲಾದರೂ ಸ್ಟ್ರೆಪ್ಟೊಮೈಸಿನ್ ನಾಟದೇ ಹೋಗಬಹುದು. ಪದೇ ಪದೇ ಹೊಡೆದಷ್ಟೂ ಅಂಥ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆಯುತ್ತವೆ. ಕ್ಷಯಕ್ಕೂ ಬಳಸುವ ಔಷಧಿಯನ್ನು ತೋಟಕ್ಕೆ ಹೀಗೆ ಸುರಿಯುತ್ತಿದ್ದದ್ದು ನನಗೆ ಒಪ್ಪಿಗೆ ಇರಲಿಲ್ಲ, 2024ರಿಂದ ಬೆಳೆಗೆ ಇದನ್ನು ಹೊಡೆಯುವುದನ್ನು ಸರ್ಕಾರವೇ ನಿಷೇಧಿಸಿದೆ. ರೋಗದ ಟೊಂಗೆ ಸವರಿ ಸುಡುವುದು, ಕತ್ತರಿ ತೊಳೆಯುವುದು, ರೋಗವಿಲ್ಲದ ಸಸಿ ತರುವುದು, ಇವನ್ನು ಬಿಟ್ಟು ಪುಡಿಯನ್ನೇ ನಂಬಿದರೆ ಖರ್ಚೂ ಹೋಗುತ್ತದೆ, ಕಾಯೂ ಹೋಗುತ್ತದೆ.

ಇನ್ಸುಲಿನ್ ಗುಳಿಗಿ ಯಾಕಿಲ್ಲ? ಅದನ್ನ ಮಾಡೋದಾದ್ರೂ ಹೇಗೆ?

ನುಂಗಿದರೆ ಹೊಟ್ಟೆ ಅದನ್ನೂ ಬೇಳೆಯ ಪ್ರೋಟೀನ್ ಥರ ಅರಗಿಸಿಬಿಡುತ್ತದೆ, ಅದಕ್ಕೇ ಸೂಜಿ. ಮೊದಲು ಹಂದಿ, ಹಸುವಿನ ಮೇದೋಜೀರಕದಿಂದ ತೆಗೆಯುತ್ತಿದ್ದರು. ಹಂದಿಯ ಇನ್ಸುಲಿನ್ ನಮ್ಮದಕ್ಕಿಂತ ಒಂದು ಅಮೈನೊ ಆಮ್ಲದಲ್ಲಿ, ಹಸುವಿನದು ಮೂರರಲ್ಲಿ ಬೇರೆ. ಈಗ ಮನುಷ್ಯನ ಇನ್ಸುಲಿನ್‌ನ ಕ್ರಮವಿರುವ ಡಿಎನ್ಎಯನ್ನು ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ಗೆ ಸೇರಿಸುತ್ತಾರೆ. ಕೋಡಾನ್ ಪಟ್ಟಿ ಅವಕ್ಕೂ ನಮಗೂ ಒಂದೇ ಆದ್ದರಿಂದ ಅವು ಓದಿ ನಮ್ಮದೇ ಇನ್ಸುಲಿನ್ ಮಾಡುತ್ತವೆ. ಅಮೆರಿಕದಲ್ಲಿ 1982ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಬಿಟಿ ಹತ್ತಿಕಾಳಿನ ಹಿಂಡಿ ತಿಂದ ಎಮ್ಮಿ ಹಾಲಿಗೆ ಆ ಜೀನ್ ಬರ್ತದೇನ್ರೀ?

ಬಿಟಿ ಹತ್ತಿಯಲ್ಲಿ ಕಾಯಿಕೊರಕ ಹುಳು ಕೊಲ್ಲುವ, ಬ್ಯಾಕ್ಟೀರಿಯಾದಿಂದ ತಂದ ಜೀನ್ ಇರುತ್ತದೆ. ಅದು ಹಾಲಿಗೆ ಕೆಲಸ ಮಾಡುವ ಜೀನ್ ಆಗಿ ಬರುವುದಿಲ್ಲ. ಎಮ್ಮೆ ದಿನವೂ ಮೇವಿನ ಜೊತೆ ಕೋಟ್ಯಂತರ ಜೀನ್ ತಿನ್ನುತ್ತದೆ, ಬಹುತೇಕ ಎಲ್ಲವೂ ಅರಗಿ ಬಿಡಿ ಅಕ್ಷರಗಳಾಗುತ್ತವೆ. ಹುಲ್ಲಿನ ಜೀನ್ ಹಾಲಿನಲ್ಲಿ ಕೆಲಸ ಮಾಡದಂತೆ ಬಿಟಿ ಜೀನೂ ಮಾಡುವುದಿಲ್ಲ. ಬಿಟಿ ಬೀಜದ ಬೆಲೆ, ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಕೊಂಡದ್ದು, ಅವು ಬೇರೆ ತಕರಾರುಗಳು, ಅವುಗಳಲ್ಲಿ ಹುರುಳಿದೆ.

## ಸ್ವಲ್ಪ ಕಷ್ಟದವು

ಎಲ್ಲಾ ಜೀವಕೋಶದಲ್ಲೂ ಒಂದೇ ಡಿಎನ್ಎ ಇದ್ರೆ ಕಣ್ಣು ಕಣ್ಣಾಗಿ, ಲಿವರ್ ಲಿವರ್ ಆಗಿ ಯಾಕಿದೆ?

ಇರುವ ಜೀನ್‌ಗಳನ್ನೆಲ್ಲ ಒಟ್ಟಿಗೆ ಓದುವುದಿಲ್ಲ. ಇನ್ಸುಲಿನ್ ಜೀನ್ ಕಣ್ಣಿನಲ್ಲೂ ಇದೆ, ಆದರೆ ಇನ್ಸುಲಿನ್ ತಯಾರಾಗುವುದು ಮೇದೋಜೀರಕದ ಬೀಟಾ ಕೋಶಗಳಲ್ಲಿ. ಯಾವ ಜೀನ್ ಓದಬೇಕು ಎಂದು ನಿರ್ಧರಿಸುವುದು ಡಿಎನ್ಎಗೆ ಅಂಟುವ ಕೆಲವು ಪ್ರೋಟೀನ್‌ಗಳು. ಅವುಗಳಿಗೂ ಜೀನ್ ಇವೆ, ಆ ಜೀನ್‌ಗಳನ್ನು ಆಳುವುದಕ್ಕೆ ಮತ್ತೆ ಪ್ರೋಟೀನ್‌ಗಳಿವೆ.

ನಮ್ಮಲ್ಲಿ ಪ್ರೋಟೀನ್ ಜೀನ್ ಸುಮಾರು 20,000 ಮಾತ್ರ ಅಂತಾರೆ. ಅಷ್ಟರಲ್ಲೇ ಎಲ್ಲಾ ಹೇಗೆ ನಡೆಯುತ್ತೆ?

ಒಂದೇ ಜೀನ್‌ನ ಎಕ್ಸಾನ್‌ಗಳನ್ನು ಬೇರೆ ಬೇರೆ ಥರ ಜೋಡಿಸಬಹುದು. ಒಂದು ಜೀನ್ ಥೈರಾಯ್ಡ್‌ನಲ್ಲಿ ಕ್ಯಾಲ್ಸಿಟೋನಿನ್ ಹಾರ್ಮೋನ್ ಕೊಡುತ್ತದೆ, ಅದೇ ಜೀನ್ ನರಕೋಶದಲ್ಲಿ ಬೇರೊಂದು ಪೆಪ್ಟೈಡ್ ಕೊಡುತ್ತದೆ. ತಯಾರಾದ ಮೇಲೂ ಪ್ರೋಟೀನ್‌ಗೆ ಸಕ್ಕರೆ, ಫಾಸ್ಫೇಟ್ ಅಂಟಿಸಿ ಕೆಲಸ ಬದಲಿಸಬಹುದು. ಮನುಷ್ಯನ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರ ಜೋಡಿಗಳಿವೆ. ಪ್ರೋಟೀನ್‌ನ ಕ್ರಮ ಹೇಳುವ ಭಾಗ ಶೇ. 2ಕ್ಕಿಂತ ಕಡಿಮೆ.

ಅಮೈನೊ ಆಮ್ಲ 20 ಅಲ್ಲ, 22 ಅಂತ ಎಲ್ಲೋ ಓದಿದೆ.

ಸರಿಯಾಗೇ ಓದಿದ್ದೀರಿ. ಸೆಲೆನೊಸಿಸ್ಟೀನ್ ನಮ್ಮಲ್ಲೂ ಕೆಲವೇ ಪ್ರೋಟೀನ್‌ಗಳಲ್ಲಿದೆ. ಯುಜಿಎ ಸ್ಟಾಪ್ ಕೋಡಾನನ್ನೇ, ವಿಶೇಷ ಗುರುತು ಇದ್ದಾಗ, ಅದಕ್ಕೆ ಬಳಸುತ್ತಾರೆ. ಪೈರೊಲೈಸಿನ್ ಕೆಲವು ಸೂಕ್ಷ್ಮಜೀವಿಗಳಲ್ಲಿ ಮಾತ್ರ. ಪರೀಕ್ಷೆಯಲ್ಲಿ 20 ಎಂದೇ ಬರೆಯಿರಿ.

ಡಿಎನ್ಎ ನಕಲಾಗೋಕೆ ಪ್ರೋಟೀನ್ ಬೇಕು, ಪ್ರೋಟೀನ್ ಆಗೋಕೆ ಡಿಎನ್ಎ ಬೇಕು. ಹಂಗಾದ್ರೆ ಮೊದಲು ಬಂದಿದ್ದು ಯಾವುದು?

ಹೆಚ್ಚಿನ ವಿಜ್ಞಾನಿಗಳ ಅಂದಾಜು: ಎರಡೂ ಅಲ್ಲ, ಆರ್‌ಎನ್ಎ. ಅದು ಡಿಎನ್ಎಯಂತೆ ಕ್ರಮವನ್ನೂ ಇಟ್ಟುಕೊಳ್ಳಬಲ್ಲದು, ಕಿಣ್ವದಂತೆ ಕೆಲಸವನ್ನೂ ಮಾಡಬಲ್ಲದು. ದೊಡ್ಡ ಸಾಕ್ಷಿ ರೈಬೋಸೋಮ್. ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅದಾ ಯೊನಾಥ್ ಅದರ ರಚನೆ ಬಿಡಿಸಿ 2009ರಲ್ಲಿ ನೊಬೆಲ್ ಪಡೆದರು. ಅಮೈನೊ ಆಮ್ಲಗಳನ್ನು ಸೇರಿಸುವ ಜಾಗದಲ್ಲಿ ಇರುವುದು ಆರ್‌ಎನ್ಎ, ಪ್ರೋಟೀನ್‌ಗಳು ಹೆಚ್ಚಾಗಿ ಅಂಚಿನಲ್ಲಿವೆ. ಅಂದರೆ ನಮ್ಮ ಮೈಯ ಪ್ರೋಟೀನ್‌ಗಳನ್ನು ಇವತ್ತಿಗೂ ಬೆಸೆಯುತ್ತಿರುವುದು ಆರ್‌ಎನ್ಎ. ಇನ್ನೊಂದು ಸಾಕ್ಷಿ: ಜೀವಕೋಶ ಡಿಎನ್ಎಯ ಅಕ್ಷರಗಳನ್ನು ಬೇರೆಯಾಗಿ ತಯಾರಿಸುವುದಿಲ್ಲ. ಆರ್‌ಎನ್ಎಯ ಅಕ್ಷರವನ್ನು ಮೊದಲು ಮಾಡಿ, ಅದರ ಸಕ್ಕರೆಯಿಂದ ಒಂದು ಆಮ್ಲಜನಕ ತೆಗೆದು ಡಿಎನ್ಎ ಅಕ್ಷರ ಮಾಡಿಕೊಳ್ಳುತ್ತದೆ.